ಮೊದಲ ಕೊಡ

ನನ್ನ ಅಕ್ಕನ ಮೊದಲ ಮಗಳು ಹನ್ನೊಂದು ತಿಂಗಳಿಗೆ ತೀರಿಕೊಂಡ ಮೂರನೇ ದಿನ ನಮ್ಮ ವಾರ್ಡಿನ ಮೆಂಬರು ಮಾತಾಡಿಸಿಕೊಂಡು ಹೋಗಲು ಬಂದ. ಪಡಸಾಲೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂತ. ಅಕ್ಕ ಗೋಡೆಗೆ ಆನಿಕೊಂಡು ನೆಲದ ಮೇಲೆ ಕೂತಿದ್ದಳು. ಆತ ನೆಲ ನೋಡಿದ, ಮೂಲೆಯಲ್ಲಿ ಸಾಲಾಗಿಟ್ಟ ಕೊಡ ನೋಡಿದ, ಆಮೇಲೆ ಬಹಳ ಮೆತ್ತಗೆ ಹೇಳಿದ:

"ಆಗೂದು ಆಗಿ ಹೋತು ತಂಗಿ. ಇನ್ನ ಮುಂದರ ಮನ್ಯಾಗ ಸ್ವಚ್ಛತಾ ಇಟ್ಕೋ. ತಾಯಿ ಕೈ ಸ್ವಚ್ಛ ಇದ್ರ ಕೂಸಿಗೆ ಏನೂ ಆಗೂದಿಲ್ಲ."

ಅಕ್ಕ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು. ಅಂಗೈ, ಮುಂಗೈ, ಮತ್ತೆ ಅಂಗೈ.

ಆ ನೋಟಕ್ಕೆ ಸೇಡು ತೀರಿಸುತ್ತೇನೆ ಅಂತ ನಾನು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ತೀರ್ಮಾನಿಸಿದೆ. ಬಾಯಿಂದ ಮಾತ್ರ ಒಂದಕ್ಷರ ಹೊರಡಲಿಲ್ಲ. ಇದು ನನಗೆ ಆದ ಎರಡನೇ ಅವಮಾನ, ಯಾಕೆಂದರೆ ನಾನು ಬಾಯಿಯ ಮೇಲೆಯೇ ಬದುಕಿದವಳು. ಬೆಳಗಾವಿಯಲ್ಲಿ ಕಾನೂನು ಓದುತ್ತ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತಿದ್ದೇನೆ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ; ಎರಡು ನಿಮಿಷ ಕೊಡಿ, ದೇವರಿದ್ದಾನೆ ಅಂತಲೂ ಸಾಧಿಸುತ್ತೇನೆ, ಇಲ್ಲ ಅಂತಲೂ ಸಾಧಿಸುತ್ತೇನೆ. ಇಲ್ಲ ಅನ್ನುವುದು ಸ್ವಲ್ಪ ಸಲೀಸು. ಗೆದ್ದ ಕಪ್ಪುಗಳು ಖಾನಾಪುರದ ನಮ್ಮ ಮನೆಯ ಗೋಡೆಗೂಡಿನಲ್ಲಿ ಸಾಲಾಗಿವೆ. "ಇವನ್ನ ಒಲೀ ಮ್ಯಾಲ ಇಟ್ಟ್ರ ಹಾಲರ ಕಾಯ್ತಾವೇನ?" ಅಂತ ಅವ್ವ ಧೂಳು ಒರೆಸುವಾಗೊಮ್ಮೆ ಕೇಳುತ್ತಾಳೆ.

ಆ ಮಗು ಹುಟ್ಟಿದಾಗ ಮನೆಯಲ್ಲೂ ನಾನೊಂದು ಚರ್ಚೆ ಗೆದ್ದಿದ್ದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಬಚ್ಚಿಟ್ಟಳು ಅನ್ನಬಾರದು. ಅಕ್ಕನ ಗಂಡ ಗೋವಾದಲ್ಲಿ ಹೋಟೆಲ್ ಅಡುಗೆಗಿದ್ದಾನೆ, ಅಕ್ಕ ನಮ್ಮ ಅವ್ವನ ಜೊತೆಗೇ ಇರುತ್ತಾಳೆ. ಅವ್ವ ದಿನಾ ಬೆಳಗ್ಗೆ ಅಜವಾನ, ಅಂದರೆ ಓಮಕಾಳು, ಹಾಕಿ ನೀರು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕೂಸಿಗೆ ಕುಡಿಸುತ್ತಿದ್ದಳು. ಹೊಟ್ಟೆ ನೋವು, ಗಾಳಿ, ದೃಷ್ಟಿ, ಎಲ್ಲಕ್ಕೂ ಅದೇ ಔಷಧ. ನನಗೆ ಮೈ ಉರಿಯಿತು. "ಅಜವಾನಕ್ಕ ದೃಷ್ಟಿ ಹೆಂಗ ಹೋಗ್ತೈತಿ? ಪುರಾವಾ ಏನೈತಿ ತೋರ್ಸು" ಅಂದೆ. ಅವ್ವನ ಹತ್ತಿರ ಪುರಾವೆ ಇರಲಿಲ್ಲ. ಅವಳ ಅವ್ವ ಮಾಡುತ್ತಿದ್ದಳು, ಅವಳ ಅತ್ತೆ ಮಾಡುತ್ತಿದ್ದಳು, ಅಷ್ಟೇ. ಅಷ್ಟರ ಮೇಲೆ ನಿಂತವರನ್ನು ಉರುಳಿಸುವುದು ನನಗೆ ಎಡಗೈ ಕೆಲಸ. ಒಂದು ರಜೆ ಮುಗಿಯುವುದರೊಳಗೆ ಅಜವಾನದ ಪಾತ್ರೆ ಅಟ್ಟ ಸೇರಿತು. ಕೂಸಿಗೆ ಕೊಡದಿಂದ ಬಗ್ಗಿಸಿದ ನೀರನ್ನೇ ಕೊಡಲು ಶುರುಮಾಡಿದರು.

ಆಮೇಲೆ ಮಳೆಗಾಲ ಬಂತು. ಕೂಸಿಗೆ ಸಂಡಾಸು ಹತ್ತಿತು, ನಿಲ್ಲದ ಭೇದಿ. ಹಲ್ಲು ಬರುವಾಗ ಹಾಗೇ ಆಗುತ್ತದೆ ಅಂತ ಬಾಜು ಮನೆಯವರು ಅಂದರು. ಹೊಟ್ಟೆಗೆ ವಿಶ್ರಾಂತಿ ಬೇಕು ಅಂತ ಹಾಲು ನಿಲ್ಲಿಸಿದರು, ನೀರು ಕಡಿಮೆ ಮಾಡಿದರು. ಎರಡನೇ ದಿನ ಮಧ್ಯಾಹ್ನ ಕೂಸು ಅಳುವುದನ್ನು ನಿಲ್ಲಿಸಿದಾಗ ಅಕ್ಕನಿಗೆ ಸಮಾಧಾನವಾಗಿತ್ತಂತೆ, ನಿದ್ದೆ ಹತ್ತಿತು ಅಂತ. ಟೆಂಪೊ ಹಿಡಿದು ಬೆಳಗಾವಿಗೆ ಹೊರಟರು. ದೇಸೂರು ದಾಟಿದ ಮೇಲೆ ಅಕ್ಕ ಫೋನ್ ಮಾಡಿ, "ಕೂಸಿನ ಕಣ್ಣ ಒಳಗ ಹೋಗ್ಯಾವ, ಚಿವುಟಿದ್ರ ತೊಗಲ ಹಂಗs ನಿಂದರತೈತಿ" ಅಂದಳು. ನಾನು ಸದಾಶಿವನಗರದ ನನ್ನ ಬಾಡಿಗೆ ಕೋಣೆಯಿಂದ ದವಾಖಾನೆಗೆ ಓಡಿದೆ. ನಾನು ಮೊದಲು ತಲುಪಿದೆ. ಅವರು ಬಂದಾಗ ಕೂಸು ಹೋಗಿತ್ತು.

ಹಾಗಾಗಿ ಸೇಡು. ಮೆಂಬರಿನ ಮೇಲೆ, ಅವನ ಮೆತ್ತಗಿನ ದನಿಯ ಮೇಲೆ.

ಚರ್ಚೆಯಲ್ಲಿ ಮೊದಲು ಕಲಿಸುವುದು ಎದುರಾಳಿಯ ಮಾತು ಎಲ್ಲಿ ಟೊಳ್ಳು ಅಂತ ಹುಡುಕುವುದನ್ನು. ಅಕ್ಕನ ಕೈ ಸ್ವಚ್ಛವಾಗಿಯೇ ಇದ್ದವು. ಹಾಗಾದರೆ ಹೊಲಸು ಎಲ್ಲಿಂದ ಬಂತು? ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಮನೆ ಮುಂದೆ ತೆರೆದ ಗಟಾರವಿದೆ. ನದಿಯ ಕಡೆಗೆ ಇಳಿಜಾರು, ಹಾಗಾಗಿ ಮೇಲಿನ ಗಲ್ಲಿಗಳ ಬಚ್ಚಲು, ದನದ ಕೊಟ್ಟಿಗೆ, ತುಂಬಿ ಹರಿಯುವ ಸಂಡಾಸಿನ ಗುಂಡಿ, ಎಲ್ಲವೂ ನಮ್ಮ ಬಾಗಿಲಿಗೆ ಬಂದು ಆಮೇಲೆ ಮುಂದೆ ಹೋಗುತ್ತವೆ. ಆ ಗಟಾರದೊಳಗೇ, ಅದರ ತಳಕ್ಕೆ ಒರಗಿಕೊಂಡು, ನಮ್ಮೆಲ್ಲರ ಕುಡಿಯುವ ನೀರಿನ ಪೈಪು ಮಲಗಿದೆ. ರಸ್ತೆ ಅಗೆಯುವುದು ತ್ರಾಸು, ಗಟಾರ ಮೊದಲೇ ಅಗೆದದ್ದು. ಪೈಪು ಹಾಕಿದವರಿಗೆ ಅಷ್ಟೇ ಕಾರಣ ಸಾಕಾಗಿತ್ತು. ಚಿಕ್ಕಂದಿನಿಂದ ಅದರ ಮೇಲೆ ಕಾಲಿಟ್ಟು ದಾಟಿದ್ದೇನೆ. ನೋಡಿರಲಿಲ್ಲ.

ಎರಡು ವರ್ಷ ಪಟ್ಟಣ ಪಂಚಾಯಿತಿಗೆ ಅರ್ಜಿ ಬರೆದೆ. ಫೋಟೋ ಹಚ್ಚಿ, ಕೀಲು ಬಿಟ್ಟ ಜಾಗಕ್ಕೆ ಕೆಂಪು ಗುರುತು ಹಾಕಿ ಕಳಿಸಿದೆ. ಪ್ರತಿ ಅರ್ಜಿಗೂ ಒಂದು ಮುದ್ರೆ ಬಿತ್ತು, ಒಂದಕ್ಕೂ ಮನುಷ್ಯ ಬರಲಿಲ್ಲ. ಒಮ್ಮೆ ಕಚೇರಿಯ ಮೆಟ್ಟಿಲಲ್ಲಿ ಮೆಂಬರೇ ಸಿಕ್ಕ. "ಏನ್ರಿ ವಕೀಲ ಬಾಯಿ, ಇನ್ನೂ ಪೈಪ ಹಿಡಕೊಂಡs ಅಡ್ಡಾಡಾಕತ್ತೀರಿ?" ಅಂತ ನಕ್ಕ. ಅವನ ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ. ಅವರ ನಗುವನ್ನೂ ಸೇಡಿನ ಲೆಕ್ಕಕ್ಕೆ ಬರೆದುಕೊಂಡೆ.

ಕಳೆದ ವರ್ಷ ಅಕ್ಕನಿಗೆ ಗಂಡುಮಗು ಆಯಿತು. ಈ ಮಳೆಗಾಲಕ್ಕೆ ಅದಕ್ಕೆ ಹತ್ತು ತಿಂಗಳು. ಆಷಾಢದ ಒಂದು ಸಂಜೆ ಅಕ್ಕನ ಫೋನು ಬಂತು. ಹಲೋ ಅನ್ನಲಿಲ್ಲ.

"ಮತ್ತ ಶುರುವಾಗೇತಿ."

ಕೊನೆಯ ಬಸ್ಸಿನಲ್ಲಿ ಹೋದೆ. ಚೀಲದ ತುಂಬ ಓಆರ್‌ಎಸ್ ಪುಡಿ. ಮೊದಲನೆಯವಳು ಹೋದ ಮೇಲೆ ಆ ಪುಡಿಯ ಬಗ್ಗೆ ನಾನು ಓದಿದಷ್ಟು ಸಂವಿಧಾನ ಓದಿಲ್ಲ. ಹಾಲು ನಿಲ್ಲಿಸಬೇಡಿ, ಪ್ರತಿ ಸಲ ಸಂಡಾಸು ಆದ ಮೇಲೆ ಇದನ್ನು ಚಮಚದಿಂದ ಕುಡಿಸಿ ಅಂದೆ. ಅವ್ವ ದೇವರ ಮನೆಯ ತಾಮ್ರದ ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಅದೂ ಅದೇ ಪೈಪಿನ ನೀರು ಅನ್ನುವುದು ಆ ಅವಸರದಲ್ಲಿ ನನಗೆ ಹೊಳೆಯಲಿಲ್ಲ. ನಾನೇ ಪುಡಿ ಕಲಸಿದೆ, ಅಕ್ಕ ಕುಡಿಸಿದಳು. ಬೆಳಗಾಗುವಷ್ಟರಲ್ಲಿ ಮಗುವಿಗೆ ಇನ್ನೂ ಜಾಸ್ತಿಯಾಗಿತ್ತು.

"ಇದು ಉಳೀಬೇಕು" ಅಂದಳು ಅಕ್ಕ. "ನಿನ್ನ ಅರ್ಜಿ, ನಿನ್ನ ಸೇಡು, ಎಲ್ಲಾ ಬಾಜೂಕ ಇಡು. ನನಗ ಅವು ಯಾವೂ ಬ್ಯಾಡ. ಇದು ಉಳೀಬೇಕು."

ಅವತ್ತು ನೀರು ಬರುವ ದಿನ. ನಮ್ಮಲ್ಲಿ ಮೂರು ದಿನಕ್ಕೊಮ್ಮೆ ನೀರು. ಬರುವ ಮುಂಚೆ ನಳ ಕೆಮ್ಮುತ್ತದೆ, ಆ ಕೆಮ್ಮಿಗೆ ಇಡೀ ಗಲ್ಲಿಯ ಹೆಂಗಸರು ಎದ್ದು ಓಡುತ್ತಾರೆ. ಅವ್ವ ಮಗುವಿನ ಬಟ್ಟೆ ತೊಳೆಯುತ್ತಿದ್ದಳು, ಹಾಗಾಗಿ ಕೊಡ ಹಿಡಿದು ನಾನು ಹೋದೆ. ನನ್ನ ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ನೀರು ನಾನು ಹಿಡಿದದ್ದು ಅದೇ ಮೊದಲು. ಮುಟ್ಟಾದ ದಿನಗಳ ಲೆಕ್ಕ ಕೊಡುವುದಿಲ್ಲ ಅಂತ ಜಗಳ ತೆಗೆದ ಮೇಲೆ ಅವ್ವ ನನ್ನನ್ನು ನಳದ ಹತ್ತಿರ ಬಿಟ್ಟೇ ಇರಲಿಲ್ಲ.

ತಾಮ್ರದ ಕೊಡದ ಬಾಯಿ ಕಿರಿದು, ಒಳಗೆ ಕತ್ತಲು. ನೀರಿನ ಬಣ್ಣ ಕಾಣುವುದಿಲ್ಲ. ನಾನು ಕೈಗೆ ಸಿಕ್ಕ ಗಾಜಿನ ಬರಣಿ ಒಡ್ಡಿದೆ. ನಳ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ನೀರು ಬಂತು. ತೆಳ್ಳಗಿನ ಚಹಾದ ಬಣ್ಣ. ಮೂಗಿನ ಹತ್ತಿರ ತಂದೆ. ಅದು ನಮ್ಮ ಮನೆ ಮುಂದಿನ ವಾಸನೆ. ನಳವನ್ನು ಹಾಗೇ ಬಿಟ್ಟುಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ತಿಳಿಯಾಯಿತು, ಇನ್ನೂ ಸ್ವಲ್ಪ ಹೊತ್ತಿಗೆ ಗಾಜಿನಂತಾಯಿತು.

ಮೂರು ದಿನ ಖಾಲಿ ಬಿದ್ದ ಪೈಪು, ಬಿಟ್ಟ ಕೀಲುಗಳಿಂದ ಗಟಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬಂದಾಗ ಮೊದಲು ಹೊರಬೀಳುವುದು ಅದೇ.

"ಏ ಬಾಯಿಬಡಕಿ!" ಅವ್ವ ಒಳಗಿಂದ ಕೂಗಿದಳು. "ಮೊದಲನೇ ನೀರ ಚೆಲ್ಲಬ್ಯಾಡ! ಅದು ದೇವ್ರಿಗೆ, ಕೂಸಿಗೆ. ಯಾರೂ ಮುಟ್ಟಿರೂದಿಲ್ಲ ಅದನ್ನ!"

ಮೊದಲ ಕೊಡ ದೇವರಿಗೆ ಮತ್ತು ಮನೆಯ ಅತ್ಯಂತ ಸಣ್ಣವರಿಗೆ. ಆಮೇಲಿನದು ದೊಡ್ಡವರಿಗೆ. ಕೊನೆಯದು, ಗಾಜಿನಂಥ ನೀರು, ಪಾತ್ರೆ ತೊಳೆಯಲಿಕ್ಕೆ, ಎಮ್ಮೆಗೆ. ನಮ್ಮ ಗಲ್ಲಿಯ ಎಲ್ಲ ಮನೆಯಲ್ಲೂ ಇದೇ ಕ್ರಮ. ಯಾರ ಮೇಲೆ ಪ್ರೀತಿ ಜಾಸ್ತಿಯೋ ಅವರಿಗೆ ಗಟಾರ. ನಾನು ಹಿಂದಿನ ಸಂಜೆ ಕಲಸಿದ ಓಆರ್‌ಎಸ್ ಕೂಡ ಅದೇ ಕೊಡದ್ದು.

ಬರಣಿ ಹಿಡಿದುಕೊಂಡು ಒಳಗೆ ಹೋಗಿ ಅವ್ವನ ಮುಖಕ್ಕೆ ಹಿಡಿದೆ. ನಾನು ಮಾತಾಡಿದ್ದನ್ನೆಲ್ಲ ಬರೆಯುವುದಿಲ್ಲ. ದೇವರಿಗೆ ಗಟಾರ ಕುಡಿಸಿದೆ ಅಂದೆ. ನಿನ್ನ ಮಡಿಯಿಂದ ಕೂಸು ಹೋಯಿತು ಅಂದೆ. ಅವ್ವ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದ ಮೇಲೆ ನನ್ನ ಕಡೆ ತಿರುಗಿದಳು.

"ನನ್ನವ್ವನೂ ಮೊದಲನೇ ನೀರs ಕೊಟ್ಟಾಳ. ನಿನಗೂ ನಿಮ್ಮಕ್ಕಗೂ ನಾನೂ ಅದನ್ನs ಕೊಟ್ಟೀನಿ. ನೀವ್ಯಾಕ ಸಾಯ್ಲಿಲ್ಲ?"

ನಾನು ಬರಣಿ ಕೆಳಗಿಟ್ಟೆ.

"ಕುದಿಸಿ ಕೊಟ್ಟೀನಿ, ಅದಕ್ಕ. ಅಜವಾನ ಹಾಕಿ ಕುದಿಸಿ. ಪುರಾವಾ ಕೇಳಿದ್ದಿ ಅಲಾ? ಇಲ್ಲಿ ನಿಂತೀಯಲ್ಲ, ನೀನs ಪುರಾವಾ."

ಚರ್ಚೆಯಲ್ಲಿ ಸೋತಿದ್ದೇನೆ, ಆದರೆ ಹಾಗೆ ಸೋತಿಲ್ಲ. ಅಜವಾನಕ್ಕೆ ಆಧಾರವಿರಲಿಲ್ಲ, ಇವತ್ತಿಗೂ ಇಲ್ಲ ಅಂತಲೇ ನನ್ನ ವಾದ. ಆದರೆ ಅಜವಾನದ ನೆಪದಲ್ಲಿ ಆ ನೀರು ದಿನಾ ಕುದಿಯುತ್ತಿತ್ತು. ನಾನು ನೆಪವನ್ನು ಹೊಡೆದೆ, ಅದರ ಜೊತೆ ಕುದಿಯುವುದೂ ಸತ್ತಿತು. ಸೇಡಿಗೆ ಅಂತ ಎರಡು ವರ್ಷ ಕಾದಿಟ್ಟ ಬೆಂಕಿ ಅವತ್ತು ಬೆಳಗ್ಗೆ ನನ್ನ ಕಡೆಗೇ ಮುಖ ಮಾಡಿತು. ಮೆಂಬರಿಗೆ ಎಷ್ಟು ಬಯಸಿದ್ದೆನೋ ಅಷ್ಟನ್ನೂ ನನಗೆ ಬಯಸಿದೆ. ಹಾಗಂತ ಅವನ ಪಾಲು ಕಡಿಮೆ ಮಾಡಲಿಲ್ಲ.

ಒಲೆ ಹಚ್ಚಿದೆ. ಕೊನೆಯ ನೀರು ಹಿಡಿದು ದೊಡ್ಡ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಕುದಿಯಿತು, ಇಳಿಸಿದೆ, ಆದರೆ ಆರಬೇಕಲ್ಲ. ಒಳಗೆ ಮಗು ಒಣ ತುಟಿ ಚಪ್ಪರಿಸುತ್ತಿತ್ತು, ಅಕ್ಕ ತಾಟಿನಿಂದ ತಾಟಿಗೆ ನೀರು ಸುರಿಯುತ್ತ ಊದುತ್ತಿದ್ದಳು. ಆ ಹೊತ್ತಿಗೆ ಹೊರಗೆ ಚಪ್ಪಲಿ ಸದ್ದು.

"ಅಕ್ಕಾರ, ಅದೀರೇನ್ರಿ?"

ಮೆಂಬರು. ಇಲೆಕ್ಷನ್ ಹತ್ತಿರ ಬಂದಿತ್ತು. ಹಿಂದೆ ಐದು ಮಂದಿ, ಹೆಗಲಿಗೆ ಶಲ್ಯ.

ದೇವರನ್ನು ನಂಬದವಳಿಗೂ ಒಮ್ಮೊಮ್ಮೆ ಸಮಯ ಕೂಡಿಬರುತ್ತದೆ. "ಬರ್ರಿ, ಕುಂದರ್ರಿ" ಅಂದೆ. ಚಾಪೆ ಹಾಸಿದೆ. ಮನೆಗೆ ಬಂದವರಿಗೆ ನೀರು-ಬೆಲ್ಲ ಕೊಡದೆ ಮಾತಿಗೆ ಕೂರಿಸುವ ಮನೆ ನಮ್ಮ ಕಡೆ ಇಲ್ಲ; ಕೊಟ್ಟದ್ದನ್ನು ಮುಟ್ಟದೆ ಏಳುವ ಅತಿಥಿಯೂ ಇಲ್ಲ, ಎದ್ದರೆ ಅದು ಮನೆಗೆ ಮಾಡಿದ ಅವಮಾನ. ತಾಟಿನಲ್ಲಿ ಬೆಲ್ಲ ಇಟ್ಟೆ. ಗಾಜಿನ ಬರಣಿಯಿಂದ ಆರು ಗಾಜಿನ ಗ್ಲಾಸಿಗೆ ಮೊದಲ ನೀರು ಬಗ್ಗಿಸಿದೆ. ಉದ್ದೇಶವೇನಿತ್ತು? ಬರೀ ಪಾಠ ಕಲಿಸುವುದು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಅದು ಸುಳ್ಳು. ಕುಡಿಯಲಿ, ಹೊಟ್ಟೆ ಹಿಡಿದುಕೊಂಡು ಒದ್ದಾಡಲಿ, ಅವನ ಕಣ್ಣೂ ಒಳಗೆ ಹೋಗಲಿ ಅಂತಿತ್ತು.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ಗ್ಲಾಸು ಎತ್ತಿದ. ತುಟಿಯ ಹತ್ತಿರ ಹೋಗಿ ಗ್ಲಾಸು ನಿಂತಿತು.

"ಇವತ್ತ ಉಪವಾಸ ಐತ್ರಿ ನಂದು" ಅಂದ.

"ಬೆಲ್ಲಾ ನಡೀತೇನ್ರಿ ಉಪವಾಸಕ್ಕ?"

"ಬೆಲ್ಲಾ... ನಡೀತೈತಿ."

"ನೀರೂ ನಡೀತೈತಿ. ಕುಡೀರಿ. ದೇವ್ರಿಗೆ ಹಿಡದ ನೀರು. ಇವ್ರಿಗೂ ಉಪವಾಸ ಏನು?"

ಐದೂ ಮಂದಿ ಗ್ಲಾಸು ಕೆಳಗಿಟ್ಟಿದ್ದರು. ಒಬ್ಬ ಹೌದು ಅಂತ ತಲೆಯಾಡಿಸಿದ. ಅವನ ಬಾಯಲ್ಲಿ ಅಡಿಕೆ-ತಂಬಾಕಿನ ಮಾವಾ ಇತ್ತು.

ಮೆಂಬರು ಮುಟ್ಟಾಳನಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ತಾಟಿಗೆ ಇಟ್ಟು, ತನ್ನ ಬಲವಾದ ಮಾತು ತೆಗೆದ. "ನೋಡ್ರಿ ಬಾಯಿ, ಗಟಾರದಾಗ ಹೊಲಸ ಹಾಕಾವ್ರು ಯಾರು? ನಾನೇನು? ಮುಂಜಾನೆ ಎದ್ದು ನಿಮ್ಮ ಗಲ್ಲಿ ಹೆಣಮಕ್ಕಳು ಕೂಸುಗಳನ್ನ ಗಟಾರದ ದಂಡೀ ಮ್ಯಾಲ ಕುಂದ್ರಸ್ತೀರಿ. ನಿಮ್ಮವ್ವಾರು ಈಗ ತೊಳದ ಬಟ್ಟೀ ನೀರು ಎಲ್ಲಿ ಚೆಲ್ಲ್ಯಾರ? ಕೇಳ್ರಿ."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಕೂಸಿನ ಹೇಲು ಹೊಲಸಲ್ಲ, ಅದಿನ್ನೂ ಅನ್ನ ತಿನ್ನದ ಜೀವ. ಇದು ನಮ್ಮ ಗಲ್ಲಿಯ ಇನ್ನೊಂದು ನಂಬಿಕೆ. ಅವಳು ಆ ನೀರನ್ನು ಗಟಾರಕ್ಕೇ ಚೆಲ್ಲಿದ್ದಳು.

"ಖರೇ" ಅಂದೆ. "ಕೂಸುಗಳನ್ನ ಗಟಾರದಾಗ ಕುಂದ್ರಿಸಿದವ್ರು ನಾವು. ಇವತ್ತಿಂದ ಕುಂದ್ರಸೂದಿಲ್ಲ. ಪೈಪ ಗಟಾರದಾಗ ಮಲಗಿಸಿದವ್ರು ಯಾರು? ಅದನ್ನ ಯಾವತ್ತಿಂದ ಎಬ್ಬಸ್ತೀರಿ, ಹೇಳ್ರಿ. ತಾಯಿ ಕೈ ಸ್ವಚ್ಛ ಇದ್ರ ಸಾಕು ಅಂದಿದ್ರಿ. ಆಕಿ ಕೈ ತೊಳದದ್ದೂ ಇದs ನೀರಿಂದ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಒಳಗಿಂದ ಬಂದಳು. ಹೆಗಲ ಮೇಲೆ ಮಗು, ತಲೆ ಜೋತುಬಿದ್ದಿತ್ತು. ಅವಳು ಮೆಂಬರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಆ ಐವರಲ್ಲಿ ಒಬ್ಬನ ತೊಡೆಯ ಬಾಜು ಮೆಂಬರಿಗೆ ಅಂತ ತಂದಿಟ್ಟುಕೊಂಡ ಸೀಲು ಒಡೆಯದ ನೀರಿನ ಬಾಟಲಿ ಇತ್ತು. ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡಳು. ಕೇಳಲಿಲ್ಲ. ಅಲ್ಲೇ ಎಲ್ಲರ ಎದುರಿಗೆ ಸೀಲು ತಿರುವಿದಳು, ಕಟ್ ಅಂತ ಸದ್ದಾಯಿತು. ಒಳಗೆ ಹೋದಳು. ಪುಡಿಯ ಪೊಟ್ಟಣ ಹರಿದ ಸದ್ದು, ಆಮೇಲೆ ಚಮಚದ ಸದ್ದು.

ಪಡಸಾಲೆಯಲ್ಲಿ ಅವ್ವನೂ ಸೇರಿ ಎಂಟು ಮಂದಿ ಆ ಚಮಚದ ಸದ್ದನ್ನು ಕೇಳುತ್ತ ಇದ್ದೆವು. ಸೇಡು ತೀರಿತಾ ಅಂತ ನೀವು ಕೇಳಿದರೆ, ಅವನ ಕಿವಿಗಳು ಕೆಂಪಾದದ್ದನ್ನು ನಾನು ಎಣಿಸಿಕೊಂಡು ನೋಡಿದೆ. ಎರಡೂ.

ಸಂಜೆಯ ಹೊತ್ತಿಗೆ ಮಗು ಉಚ್ಚೆ ಹೊಯ್ದಿತು, ಮೈಗೆ ನೀರು ಹತ್ತಿತ್ತು. ಬಟ್ಟೆ ಒದ್ದೆಯಾದದ್ದಕ್ಕೆ ಅಕ್ಕ ಅಷ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ. ಮೊದಲ ಮಗಳಿಗೂ ಅವಳು ಹಾಗೆ ಅತ್ತಿರಲಿಲ್ಲ. ಮರುದಿನ ಡಾಕ್ಟರು ನೋಡಿ ಝಿಂಕ್ ಗುಳಿಗೆ ಬರೆದುಕೊಟ್ಟರು. ನಾಲ್ಕನೇ ದಿನಕ್ಕೆ ಮಗು ನನ್ನ ಕೂದಲು ಹಿಡಿದು ಎಳೆಯಿತು.

ಎಂಟು ದಿನದೊಳಗೆ ನಳದ ಮಿಸ್ತ್ರಿ ಬಂದ. ನಮ್ಮ ಮನೆಯ ಪೈಪನ್ನು ಮಾತ್ರ ಗಟಾರದಿಂದ ಎತ್ತಿ ಗೋಡೆಗೆ ಕಟ್ಟಿದ. "ಇಷ್ಟs ಹೇಳ್ಯಾರ್ರಿ ನನಗ" ಅಂದ. ನಮ್ಮ ಬಾಯಿ ಮುಚ್ಚಿಸುವ ಅಳತೆಗೆ ಸರಿಯಾಗಿ ತಂದ ಪೈಪು. ಆದರೆ ಮುಖ್ಯ ಪೈಪು ಗಟಾರದಲ್ಲೇ ಇದೆ, ಗಲ್ಲಿಯ ಉಳಿದ ಮನೆಗಳವೂ ಅಲ್ಲೇ ಇವೆ. ಅಕ್ಕ ಸಾಕು ಅಂದಳು. ನನಗೆ ಸಾಕಾಗಲಿಲ್ಲ. ನಾನು ಮನೆ ಮನೆಗೆ ಗಾಜಿನ ಬರಣಿ ಹಿಡಿದುಕೊಂಡು ಹೋದೆ. ಭಾಷಣ ಮಾಡಲಿಲ್ಲ, ನಳ ಕೆಮ್ಮುವಾಗ ಬರಣಿ ಒಡ್ಡಿದೆ, ಆಮೇಲೆ ತೋರಿಸಿದೆ. "ಅಗ ಬಾಯಿ!" ಅಂದರು ಮರಾಠಿ ಮನೆಯವರು, "ಯಾ ಅಲ್ಲಾ" ಅಂದರು ಮೂಲೆಮನೆಯ ಖಾಲಾ. ಕೂಸುಗಳ ಬಟ್ಟೆಯ ನೀರು ಈಗ ಸಂಡಾಸಿಗೆ ಹೋಗುತ್ತದೆ. ಮೊದಲ ಕೊಡ ಯಾರ ಬಾಯಿಗೂ ಹೋಗುವುದಿಲ್ಲ.

ಹಾಗಾದರೆ ಅದನ್ನು ಎಲ್ಲಿ ಚೆಲ್ಲುವುದು? ಈ ಪ್ರಶ್ನೆ ಎತ್ತಿದವಳು ಖಾಲಾ, ಉತ್ತರ ಕೊಟ್ಟವಳು ನಮ್ಮ ಅವ್ವ. ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸುವುದು ಮನೆಗೆ ಶುಭ. ಬೇರೆಯವರ ಅಂಗಳಕ್ಕೆ ಹಾಕಿದರೆ ಪುಣ್ಯ ಅವರಿಗೆ. ಮೆಂಬರಿನ ಮನೆ ನಮ್ಮ ಗಲ್ಲಿಯ ಮೇಲ್ತುದಿಯಲ್ಲಿದೆ. ನೀರು ಬರುವ ದಿನ ಹೆಂಗಸರು ಮೊದಲ ಕೊಡ ಹೊತ್ತು ಏರು ಹತ್ತುತ್ತಾರೆ. ಅವನ ಬಾಗಿಲ ಮುಂದೆ, ಮಾತಿಲ್ಲದೆ, ಭಕ್ತಿಯಿಂದ ನೀರು ಹಾಕಿ ಬರುತ್ತಾರೆ. ಇಲೆಕ್ಷನ್ ಮುಗಿಯುವವರೆಗೆ ಅವನು ಬೇಡ ಅನ್ನುವಂತಿಲ್ಲ. ಮೊನ್ನೆ ಅವನ ಹೆಂಡತಿ ಬಾಗಿಲಿಗೆ ಬಂದು, "ಇದೇನ ವಾಸನೀ ಇದು?" ಅಂದಳಂತೆ. ಅವ್ವ, "ನಿಮ್ಮ ಯಜಮಾನ್ರು ಕೊಟ್ಟ ನೀರ್ರಿ, ತಿರುಗಿ ಮುಟ್ಟಸಾಕ ಬಂದೀವಿ" ಅಂದಳಂತೆ. ಮುಖ್ಯ ಪೈಪಿಗೆ ರಸ್ತೆ ಅಗೆಯಲು ಬಿಳಿ ಗುರುತು ಬಿದ್ದಿದೆ. ಗುರುತು ಪೈಪಲ್ಲ. ಕೊಡಗಳು ಇನ್ನೂ ಏರು ಹತ್ತುತ್ತಿವೆ.

ನನ್ನ ಪಾಲಿನ ಶಿಕ್ಷೆ ಬೇರೆ. ನಾನು ಬೆಳಗಾವಿಯಿಂದ ಊರಿಗೆ ಹೋದಾಗಲೆಲ್ಲ, ಚೀಲ ಇಳಿಸುವ ಮೊದಲೇ ಅವ್ವ ಒಂದು ಲೋಟ ತಂದು ಎದುರಿಗೆ ಹಿಡಿಯುತ್ತಾಳೆ. ಅಜವಾನ ಹಾಕಿ ಕುದಿಸಿದ ನೀರು. ಬೆಲ್ಲ ಕೊಡುವುದಿಲ್ಲ. ಕಹಿ, ಖಾರ, ಗಂಟಲಿಗೆ ಹಿಡಿಯುತ್ತದೆ. ನಾನು ಪೂರಾ ಕುಡಿಯುವವರೆಗೂ ನಿಂತು ನೋಡುತ್ತಾಳೆ. ನಾನು ಪುರಾವೆ ಕೇಳುವುದಿಲ್ಲ. ಅಕ್ಕನ ಮಗ ಈಗ ನಡೆಯುತ್ತಾನೆ. ನನ್ನ ಮೊಣಕಾಲು ಹಿಡಿದು ನಿಂತು ಲೋಟಕ್ಕೆ ಕೈ ಚಾಚುತ್ತಾನೆ. ತಳದಲ್ಲಿ ಎರಡು ಗುಟುಕು ಅವನಿಗೆ ಅಂತ ಉಳಿಸುತ್ತೇನೆ.